ಶೀಲ ಎಂದ ಕೂಡಲೇ ಹುಡುಗಿಯರು ಮಾತ್ರ ತಲೆ ತಗ್ಗಿಸುತ್ತಾರೆ: ಮಕ್ಕಳ ಮುಂದೆ ನಿಂತವರ ಅನುಭವಗಳು

ಪ್ರಶ್ನೆ

ಪದವಿ ಮುಗಿದಿದೆ. ಕೆಲಸಕ್ಕೆ ಸೇರುವ ಮೊದಲು ಒಂದು ವರ್ಷವನ್ನು ಕಥೋಲಿಕ ಧರ್ಮಸಭೆಯ ಯುವ ಸೇವೆಗೆ ಕೊಡುವುದಾಗಿ ಒಪ್ಪಿಕೊಂಡಿದ್ದೇನೆ. ನಾವು ಐದು ಮಂದಿಯ ತಂಡ. ಒಂದು ಧರ್ಮಕೇಂದ್ರದಿಂದ (ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿ) ಇನ್ನೊಂದಕ್ಕೆ ಹೋಗಿ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುವರೆಗಿನ ಮಕ್ಕಳ ಜೊತೆ ಮಾನವ ಘನತೆ ಮತ್ತು ಶೀಲದ ಬಗ್ಗೆ ಮಾತನಾಡಬೇಕು. ತರಬೇತಿ ಇಂಗ್ಲಿಷಿನಲ್ಲಿ ನಡೆಯಿತು, ಎಲ್ಲವೂ ಅರ್ಥವಾದಂತಿತ್ತು. ಮೊನ್ನೆ ತಂಗಿಯ ಮುಂದೆ ಕನ್ನಡದಲ್ಲಿ ಹೇಳಿ ನೋಡಿದೆ. ಒಮ್ಮೆ ಪ್ರವಚನವಾಯಿತು, ಇನ್ನೊಮ್ಮೆ ಜೀವಶಾಸ್ತ್ರದ ಪಾಠವಾಯಿತು. ಅವಳು ಎದ್ದು ಹೋದಳು. ಈ ಕೆಲಸ ಮಾಡಿದವರು, ಕೇಳಿಸಿಕೊಂಡವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಎರಡು ವರ್ಷ ಇದೇ ಸೇವೆಯಲ್ಲಿದ್ದವಳು

ಮೊದಲು ನನ್ನ ತಪ್ಪನ್ನು ಹೇಳುತ್ತೇನೆ. ನಮಗೆ ಗುಲಾಬಿಯ ಆಟವನ್ನು ಕಲಿಸಿದ್ದರು. ಒಂದು ಹೂವನ್ನು ಸಾಲಿನಿಂದ ಸಾಲಿಗೆ ದಾಟಿಸಬೇಕು, ಎಲ್ಲರೂ ಮುಟ್ಟಬೇಕು, ಮೂಸಬೇಕು. ಕೊನೆಗೆ ನಲುಗಿದ ಹೂವನ್ನು ಎತ್ತಿ ಹಿಡಿದು ‘ಇದು ಈಗ ಯಾರಿಗೆ ಬೇಕು?’ ಎಂದು ಕೇಳಬೇಕು. ಕೇಳಿದೆ. ಮಕ್ಕಳು ನಕ್ಕರು. ಸಭೆ ಗೆದ್ದೆನೆಂದು ಹಿಗ್ಗಿದೆ. ಎಲ್ಲರೂ ಊಟಕ್ಕೆ ಎದ್ದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ನೆಲದ ಮೇಲೆ ಬಿದ್ದಿದ್ದ ದಳಗಳನ್ನು ಒಂದೊಂದಾಗಿ ಆರಿಸಿ ನೋಟ್‌ಪುಸ್ತಕದ ಹಾಳೆಗಳ ನಡುವೆ ಇಡುತ್ತಿದ್ದಳು. ಚೊಕ್ಕ ಸ್ವಭಾವದ ಹುಡುಗಿ ಎಂದುಕೊಂಡೆ, ನನ್ನ ಬುದ್ಧಿ ಅಷ್ಟೇ ಓಡಿದ್ದು. ಮರುದಿನ ಅವಳು ಬರಲಿಲ್ಲ. ಅವಳ ಮನೆಯೊಳಗೇ ಅವಳಿಗೆ ಏನಾಗಿತ್ತೆಂಬುದು ಎರಡು ತಿಂಗಳ ನಂತರ ನನಗೆ ತಿಳಿಯಿತು.

ಅಮೆರಿಕದ ಎಲಿಜಬೆತ್ ಸ್ಮಾರ್ಟ್ ಹದಿನಾಲ್ಕನೇ ವಯಸ್ಸಿನಲ್ಲಿ, 2002ರಲ್ಲಿ, ಅಪಹರಣಕ್ಕೊಳಗಾದವರು. ಅವರು ಕಥೋಲಿಕರಲ್ಲ, ಆದರೆ ಅವರು ಕೇಳಿದ್ದ ಪಾಠದಲ್ಲಿಯೂ ಇಂಥದೇ ಒಂದು ಹೋಲಿಕೆ ಇತ್ತು: ಅಗಿದು ಉಗಿದ ಚೂಯಿಂಗ್ ಗಮ್. ಅತ್ಯಾಚಾರದ ನಂತರ ಆ ಹೋಲಿಕೆಯೇ ನೆನಪಾಗಿ, ತನಗೆ ಇನ್ನು ಬೆಲೆಯೇ ಇಲ್ಲ ಎನ್ನಿಸಿತೆಂದು 2013ರಲ್ಲಿ ಬಹಿರಂಗವಾಗಿ ಹೇಳಿದರು. ಅದನ್ನು ಓದಿದ ದಿನ ನಾನು ಗುಲಾಬಿಯನ್ನು ಬಿಟ್ಟೆ. ‘ಮುಳ್ಳು ಎಲೆಯ ಮೇಲೆ ಬಿದ್ದರೂ, ಎಲೆ ಮುಳ್ಳಿನ ಮೇಲೆ ಬಿದ್ದರೂ ಹರಿಯುವುದು ಎಲೆಯೇ’ ಎಂಬ ಗಾದೆಯನ್ನೂ ಬಿಟ್ಟೆ. ನೀವು ಬಿಟ್ಟರೂ ಯಾರಾದರೂ ಅಮ್ಮಂದಿರು ವಂದನಾರ್ಪಣೆಯಲ್ಲಿ ಅದನ್ನು ಹೇಳಿಯೇ ಹೇಳುತ್ತಾರೆ, ಸಿದ್ಧರಾಗಿರಿ.

ಸಂತ ಮರಿಯಾ ಗೊರೆಟ್ಟಿಯ ಕಥೆ ಹೇಳುವಾಗಲೂ ಎಚ್ಚರ. ಹನ್ನೊಂದು ವರ್ಷದ ಮಗು ಅದು, 1902ರಲ್ಲಿ ಅತ್ಯಾಚಾರಕ್ಕೆ ಬಗ್ಗದೆ ಇರಿತಕ್ಕೆ ಸಿಕ್ಕಿ ಸತ್ತಿತು. ‘ಪ್ರಾಣ ಕೊಟ್ಟಳು, ಶೀಲ ಕೊಡಲಿಲ್ಲ’ ಎಂದು ನಾವು ಮುಗಿಸಿಬಿಡುತ್ತೇವೆ. ಹಾಗಾದರೆ ಬದುಕಿ ಉಳಿದವಳು ಏನನ್ನು ಕೊಟ್ಟಂತಾಯಿತು? ಈ ಪ್ರಶ್ನೆಗೆ ಉತ್ತರ ಹೊಸದೇನಲ್ಲ. 410ರಲ್ಲಿ ರೋಮ್ ಲೂಟಿಯಾದಾಗ ಅತ್ಯಾಚಾರಕ್ಕೊಳಗಾದ ಹೆಂಗಸರನ್ನು ಆಡಿಕೊಳ್ಳುತ್ತಿದ್ದವರಿಗೆ ಸಂತ ಅಗಸ್ಟೀನರು ಉತ್ತರ ಬರೆದಿದ್ದಾರೆ. ಶೀಲ ಇರುವುದು ಮನಸ್ಸಿನ ಒಪ್ಪಿಗೆಯಲ್ಲಿ, ಇನ್ನೊಬ್ಬನು ದೇಹದ ಮೇಲೆ ನಡೆಸಿದ ಬಲಾತ್ಕಾರದಿಂದ ಅದು ಹೋಗುವುದಿಲ್ಲ ಎಂಬುದು ಅದರ ತಾತ್ಪರ್ಯ. ನಾನು ಈಗ ಮಾತು ಆರಂಭಿಸುವುದೇ ಅಲ್ಲಿಂದ.

ಕನ್ನಡ ಮೇಷ್ಟ್ರು, ಭಾನುವಾರ ಧರ್ಮೋಪದೇಶ ಮಾಡುವವನು

ನಿಮ್ಮ ತಂಗಿ ಎದ್ದು ಹೋದದ್ದು ಪದದ ಕಾರಣಕ್ಕೆ ಇರಬಹುದು. ‘ಶೀಲ’ ಎನ್ನಿ, ಹುಡುಗಿಯರು ತಲೆ ತಗ್ಗಿಸುತ್ತಾರೆ, ಹುಡುಗರು ತಮಗೆ ಸಂಬಂಧವಿಲ್ಲವೆಂಬಂತೆ ಕಿಟಕಿಯಾಚೆ ನೋಡುತ್ತಾರೆ. ನಮ್ಮಲ್ಲಿ ಯಾರಾದರೂ ಗಂಡಸಿನ ‘ಶೀಲ ಕೆಟ್ಟಿತು’ ಎಂದದ್ದನ್ನು ಕೇಳಿದ್ದೀರಾ? ‘ಬ್ರಹ್ಮಚರ್ಯ’ ಎಂದರೆ ಪಾದ್ರಿಯಾಗುವವರು ಓದುವ ಗುರುಮಠದ ಮಾತಾಯಿತು. ‘ಶುದ್ಧತೆ’ ಎಂದ ಕೂಡಲೇ ಮಡಿ ಮೈಲಿಗೆ ನೆನಪಾಗುತ್ತದೆ. ನಾನು ಪದವನ್ನು ಹಲಗೆಯ ಮೇಲೆ ಬರೆದು, ಇದು ಯಾರಿಗೆ ಅನ್ವಯಿಸುತ್ತದೆ ಎಂದು ಮಕ್ಕಳನ್ನೇ ಕೇಳುತ್ತೇನೆ. ಅಮ್ಮನಿಗೆ, ಅಕ್ಕನಿಗೆ, ಸಿಸ್ಟರಿಗೆ ಎನ್ನುತ್ತಾರೆ. ‘ಅಪ್ಪನಿಗೆ?’ ಎಂದರೆ ತರಗತಿ ಗೊಳ್ಳೆನ್ನುತ್ತದೆ. ಆಗ ಕಥೋಲಿಕ ಧರ್ಮೋಪದೇಶ ಗ್ರಂಥದ 2348 ಮತ್ತು 2349ನೇ ಪರಿಚ್ಛೇದಗಳನ್ನು ತೆಗೆಯುತ್ತೇನೆ. ಸ್ನಾನದೀಕ್ಷೆ (ಬ್ಯಾಪ್ಟಿಸಮ್) ಪಡೆದ ಎಲ್ಲರಿಗೂ, ಮದುವೆಯಾದವರಿಗೂ ಈ ಕರೆ ಇದೆ ಎಂದು ಅಲ್ಲಿ ನೇರವಾಗಿದೆ. ಹುಡುಗರು ಕಿಟಕಿಯಿಂದ ಈಚೆ ತಿರುಗುವುದು ಆ ಹೊತ್ತಿಗೆ. 2342 ಇನ್ನೂ ಉಪಯುಕ್ತ: ತನ್ನನ್ನು ತಾನು ಆಳುವುದು ದೀರ್ಘಕಾಲದ ಕಷ್ಟದ ಕೆಲಸ, ಒಮ್ಮೆ ಗಳಿಸಿದರೆ ಮುಗಿಯಿತೆಂದು ಯಾರೂ ಹೇಳುವಂತಿಲ್ಲ. ಬಿದ್ದವನಿಗೂ ಇದರಲ್ಲಿ ಜಾಗವಿದೆ.

ಇನ್ನೊಂದು ಜೋಡಿ ಪದ: ಮಾನ ಮತ್ತು ಘನತೆ. ಮಾನವನ್ನು ಊರು ಕೊಡುತ್ತದೆ, ಊರೇ ಕಳೆಯುತ್ತದೆ. ಘನತೆ ಹಾಗಲ್ಲ. ಮನುಷ್ಯನಿಗೆ ಹುಟ್ಟಿನಿಂದಲೇ ಇರುವ ಘನತೆ ಯಾವ ಸ್ಥಿತಿಯಲ್ಲಿಯೂ ನಾಶವಾಗದು ಎಂದು 2024ರ ಏಪ್ರಿಲ್‌ನಲ್ಲಿ ವ್ಯಾಟಿಕನ್ ಹೊರಡಿಸಿದ ಪ್ರಕಟಣೆಯಲ್ಲಿಯೂ ಇದೆ. ಲೈಂಗಿಕ ದೌರ್ಜನ್ಯವನ್ನು, ಮೊಬೈಲಿನಲ್ಲಿ ನಡೆಯುವ ಹಿಂಸೆಯನ್ನು ಅದು ಹೆಸರಿಸಿ ಹೇಳುತ್ತದೆ. ಯಾರದೋ ಫೋಟೊ ಗುಂಪಿಗೆ ಹಾಕುವುದರ ಬಗ್ಗೆ ಮಾತನಾಡಲು ಇದು ಒಳ್ಳೆಯ ಬಾಗಿಲು.

ತರಬೇತಿಯಲ್ಲಿ ಪೋಪ್ ದ್ವಿತೀಯ ಜಾನ್ ಪಾಲರ ‘ದೇಹದ ದೈವಶಾಸ್ತ್ರ’ವನ್ನು, ಅಂದರೆ ದೇಹ, ಪ್ರೀತಿ, ಮದುವೆಗಳ ಬಗೆಗಿನ ಅವರ ಬೋಧನೆಯನ್ನು, ಓದಿಸಿರುತ್ತಾರೆ. 1979ರಿಂದ 1984ರವರೆಗೆ ಅವರು 129 ಉಪನ್ಯಾಸಗಳಲ್ಲಿ ಬಿಡಿಸಿದ್ದನ್ನು ನೀವು ಊಟಕ್ಕೆ ಮುಂಚಿನ ನಲವತ್ತು ನಿಮಿಷಗಳಲ್ಲಿ ತುರುಕಬೇಡಿ.

ಹಾಸ್ಟೆಲ್ ನೋಡಿಕೊಳ್ಳುವ ಸಿಸ್ಟರ್

ನೀವು ಮನಸ್ಸು ಬಿಚ್ಚಿ ಮಾತನಾಡಿದರೆ ಒಂದಲ್ಲ ಒಂದು ಊರಿನಲ್ಲಿ ಒಂದು ಮಗು ಬಂದು, ‘ಅಕ್ಕ, ಯಾರಿಗೂ ಹೇಳಬೇಡಿ’ ಎಂದು ಆರಂಭಿಸುತ್ತದೆ. ಹೇಳುವುದಿಲ್ಲ ಎಂದು ಮಾತು ಕೊಡಬೇಡಿ. ಪಾಪನಿವೇದನೆಯ ಗುಟ್ಟು ಪಾದ್ರಿ ಗುರುಗಳಿಗೆ ಸೇರಿದ್ದು, ನಿಮಗಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ, ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಆ ವಯಸ್ಸಿನ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ನಾನು ಹೀಗೆ ಹೇಳುತ್ತೇನೆ: ‘ನಿನ್ನನ್ನು ಕಾಪಾಡಲು ಯಾರಿಗೆ ಹೇಳಬೇಕೋ ಅವರಿಗೆ ಹೇಳುತ್ತೇನೆ, ನಿನಗೆ ಮೊದಲೇ ತಿಳಿಸಿ ಹೇಳುತ್ತೇನೆ.’ ಒಬ್ಬಳು ಸಿಟ್ಟಾಗಿ ಎದ್ದು ಹೋಗಿ, ಅರ್ಧ ಗಂಟೆಯ ನಂತರ ತಾನೇ ಬಂದು ಕೂತಳು. ಮಕ್ಕಳ ಸಹಾಯವಾಣಿ 1098 ಅನ್ನು ಹಲಗೆಯ ಮೂಲೆಯಲ್ಲಿ ಬರೆದು, ಕಾರ್ಯಕ್ರಮ ಮುಗಿಯುವವರೆಗೆ ಅಳಿಸಬೇಡಿ.

ಮಗುವಿನೊಂದಿಗೆ ಒಂಟಿಯಾಗಿ ಮಾತನಾಡಬೇಕಾದರೆ ಬಾಗಿಲು ತೆರೆದಿರಲಿ, ಇನ್ನೊಬ್ಬರ ಕಣ್ಣಿಗೆ ಕಾಣುವಂತಿರಲಿ. ನೀವೂ ಇಪ್ಪತ್ತೆರಡು ವರ್ಷದವರು, ನೆನಪಿರಲಿ.

ಅಮೆರಿಕದ ಮಿನ್ನೆಸೋಟದಲ್ಲಿರುವ ಮಂಗಳೂರಿನವರು

ಇಲ್ಲಿ 1981ರಿಂದ ನೆಟ್ ಮಿನಿಸ್ಟ್ರೀಸ್ ಎಂಬ ಸಂಸ್ಥೆ ಇಂಥ ಯುವ ತಂಡಗಳನ್ನು ವ್ಯಾನಿನಲ್ಲಿ ಊರೂರಿಗೆ ಕಳಿಸುತ್ತದೆ. ಮಗಳು ದೃಢೀಕರಣ ಸಂಸ್ಕಾರ (ಕನ್ಫರ್ಮೇಶನ್) ಪಡೆದ ವರ್ಷ ಆ ತಂಡದ ಇಬ್ಬರು ಹುಡುಗಿಯರು ಎರಡು ರಾತ್ರಿ ನಮ್ಮ ಮನೆಯಲ್ಲಿ ಉಳಿದರು. ಚಿತ್ರಾನ್ನಕ್ಕೆ ಕೆಚಪ್ ಕೇಳಿದರು, ಕ್ಷಮಿಸಿದ್ದೇವೆ. ವೇದಿಕೆಯ ಮೇಲಿನ ಅವರ ಭಾಷಣ ಸಾಧಾರಣವಾಗಿತ್ತು. ಮಗಳಿಗೆ ಈಗಲೂ ನೆನಪಿರುವುದು ಆರು ಮಂದಿಯ ಸಣ್ಣ ಗುಂಪು. ಅಲ್ಲಿ ಅವರಲ್ಲಿ ಒಬ್ಬಳು ಪ್ರೀತಿ ಮುರಿದ ಮೇಲೆ ಎಷ್ಟು ದಿನ ಚರ್ಚಿನ ಬಲಿಪೂಜೆಗೆ ಹೋಗಲು ಮನಸ್ಸಾಗಲಿಲ್ಲ ಎಂದು ಹೇಳಿದಳಂತೆ. ಹುಡುಗ ಯಾರು, ಏನಾಯಿತು ಎಂಬ ವಿವರವಿರಲಿಲ್ಲ. ಮಕ್ಕಳೂ ಕೇಳಲಿಲ್ಲ. ನಿಮ್ಮ ಕಥೆಯನ್ನು ಹೇಳಿ, ಆದರೆ ಅಷ್ಟೇ ಅಳತೆಗೆ.

ಪ್ರಶ್ನೆ ಕೇಳಿದವಳು

ಹಲಗೆಯ ಮೇಲೆ ಪದ ಬರೆಯುವುದನ್ನು ತಂಗಿಯ ಮುಂದೆ ಮಾಡಿ ನೋಡಿದೆ. ಈ ಸಲ ಕೂತಳು. ‘ಹಾಗಾದರೆ ಅಣ್ಣನಿಗೂ ರಾತ್ರಿ ಒಂಬತ್ತರೊಳಗೆ ಮನೆಗೆ ಬರಲು ಹೇಳು’ ಎಂದಳು. ಚೀಟಿ ಹಾಕುವ ಪೆಟ್ಟಿಗೆ ಇಡಬೇಕೆಂದಿದ್ದೇವೆ. ಅದು ಕೆಲಸಕ್ಕೆ ಬರುತ್ತದೆಯೇ?

ಎರಡು ವರ್ಷ ಇದೇ ಸೇವೆಯಲ್ಲಿದ್ದವಳು

ಬರುತ್ತದೆ. ಎಲ್ಲರಿಗೂ ಒಂದೇ ಬಣ್ಣದ ಪೆನ್ನು, ಒಂದೇ ಅಳತೆಯ ಚೀಟಿ ಕೊಡಿ. ಪ್ರಶ್ನೆ ಇಲ್ಲದವರೂ ಏನಾದರೂ ಬರೆಯಲಿ, ಬರೆಯುವವರು ಎದ್ದು ಕಾಣಬಾರದು. ಪೆಟ್ಟಿಗೆಗೆ ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲಿರಲಿ. ನಮ್ಮದು ಬೂಟಿನ ರಟ್ಟಿನ ಪೆಟ್ಟಿಗೆ. ಊಟದ ಹೊತ್ತಿನಲ್ಲಿ ಯಾರೋ ದೊಡ್ಡವರು ತೆರೆದು, ಅಕ್ಷರ ಗುರುತಿಸುತ್ತಾ ಕೂತಿದ್ದರು.