ಅಪ್‌ಡೇಟ್: ಅಮ್ಮನ ಜೊತೆ ಒಂದೇ ದಿನದಲ್ಲಿ ವಿಜಯಪುರ ನೋಡಿ ಬಂದೆವು

ಮಂಡಿನೋವಿರುವ ಅಮ್ಮನನ್ನು ಕರೆದುಕೊಂಡು ಒಂದು ದಿನದಲ್ಲಿ ವಿಜಯಪುರದಲ್ಲಿ ಏನೇನು ನೋಡಬಹುದು ಅಂತ ಕೇಳಿದ್ದೆನಲ್ಲ, ಹೋಗಿ ಬಂದೆವು.

ಗೋಲ್ ಗುಂಬಜ್‌ಗೆ ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದಂತೆ ಹೋಗಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಆಗ ಜನ ಕಡಿಮೆ, ಮೇಲೆ ಗುಮ್ಮಟದ ಒಳಸುತ್ತಿನ ಗ್ಯಾಲರಿಯಲ್ಲಿ ಪಿಸುಮಾತು ನಿಜವಾಗಿಯೂ ಆಚೆ ಬದಿಗೆ ಕೇಳಿಸುತ್ತದೆ. ಒಂಬತ್ತರ ಹೊತ್ತಿಗೆ ಶಾಲೆ ಮಕ್ಕಳ ಬಸ್ಸು ಬಂತು, ಆಮೇಲೆ ಬರೀ ಕಿರುಚಾಟ. ಆದರೆ 'ನಿಧಾನಕ್ಕೆ ಹತ್ತಿದರೆ ಆಗುತ್ತೆ' ಅನ್ನೋ ಸಲಹೆ ಮಾತ್ರ ಕೆಲಸ ಮಾಡಲಿಲ್ಲ. ಮೂಲೆಯ ಗೋಪುರದೊಳಗಿನ ಮೆಟ್ಟಿಲು ಕಿರಿದು, ಎತ್ತರ ಬೇರೆ, ಅಮ್ಮ ಎರಡನೇ ಅಂತಸ್ತಿಗೇ ವಾಪಸ್. ಪಾಪ, ಕೆಳಗೆ ಮೊಹಮ್ಮದ್ ಆದಿಲ್ ಶಾಹನ ಸಮಾಧಿ ಹತ್ತಿರ ಕೂತು, ಒಂದು ಕಂಬವೂ ಇಲ್ಲದ ಆ ಗುಮ್ಮಟವನ್ನೇ ನೋಡುತ್ತಿದ್ದರು. ಶುಕ್ರವಾರ ಹೋಗಿದ್ದರಿಂದ ಮ್ಯೂಸಿಯಂ ರಜೆ, ಅದು ನನ್ನದೇ ತಪ್ಪು.

ಅಮ್ಮನಿಗೆ ಜಾಸ್ತಿ ಹಿಡಿಸಿದ್ದು ಇಬ್ರಾಹಿಂ ರೋಜಾ, ಅಂದರೆ ಎರಡನೇ ಇಬ್ರಾಹಿಂ ಆದಿಲ್ ಶಾಹನ ಸಮಾಧಿ. ಅಲ್ಲಿ ಹತ್ತುವುದು ಕಡಿಮೆ, ಕೂರಲು ನೆರಳಿದೆ. ಕಿಟಕಿಗಳ ಜಾಲರಿಯನ್ನು ಕಲ್ಲಿನಲ್ಲಿ ಅಕ್ಷರಗಳನ್ನೇ ಕೊರೆದು ಮಾಡಿದ್ದಾರೆ, ಬೆಳಕು ಆ ಅಕ್ಷರಗಳ ಸಂದಿನಿಂದಲೇ ಒಳಗೆ ಬರುತ್ತದೆ. ಇದನ್ನು ಯಾರೂ ಹೇಳಿರಲಿಲ್ಲ ನೋಡಿ!

ಮಲಿಕ್-ಎ-ಮೈದಾನ್ ತೋಪು ಸುಮಾರು 55 ಟನ್ ತೂಕವಂತೆ, ಎರಕ ಹೊಯ್ದದ್ದು 1549ರಲ್ಲಿ, ಅದೂ ಅಹಮದ್‌ನಗರದಲ್ಲಿ. ಬಾಯಿ ಸಿಂಹದ್ದು, ಹಲ್ಲುಗಳ ನಡುವೆ ಪುಟ್ಟ ಆನೆ. ಬಾರಾ ಕಮಾನಿಗೆ ಸಂಜೆ ಹೋದೆವು, ಕಟ್ಟುವುದು ಅರ್ಧಕ್ಕೇ ನಿಂತ ಸಮಾಧಿ ಅಂತ ಸುಮ್ನೆ ಬಿಟ್ಟುಬಿಡಬೇಡಿ. ಆಟೋ ಮಾತ್ರ ಇಡೀ ದಿನಕ್ಕೆ ಮೊದಲೇ ಮಾತಾಡಿಕೊಳ್ಳಿ.