ಸಾವಯವ ಹತ್ತಿ ಟಿ-ಶರ್ಟಿಗೆ ‘ಶೇ 91 ಕಡಿಮೆ ನೀರು’ ಅಂತ ಟ್ಯಾಗ್ ಹಾಕಬಹುದಾ?

ಹೆಣಿಗೆಮನೆ:
30ರ ಕೌಂಟಿನ ಕೋಂಬ್ಡ್ (ಗಿಡ್ಡ ಎಳೆ ಬಾಚಿ ತೆಗೆದ) ನೂಲು 2,000 ಕಿಲೋ ಬೇಕು, ಸಿಂಗಲ್ ಜೆರ್ಸಿ ಟಿ-ಶರ್ಟಿಗೆ. ನೂಲಿನ ಗಿರಣಿಯವರು ಗಾಟ್ಸ್ (ಸಾವಯವ ಜವಳಿಯ ಜಾಗತಿಕ ಮಾನದಂಡ) ಸ್ಕೋಪ್ ಸರ್ಟಿಫಿಕೇಟ್ ಕಳಿಸಿದ್ದಾರೆ. ಖರೀದಿದಾರರು ಟ್ಯಾಗಿನಲ್ಲಿ ‘ಸಾಮಾನ್ಯ ಹತ್ತಿಗಿಂತ ಶೇ 91 ಕಡಿಮೆ ನೀರು’ ಅಂತ ಹಾಕಿಸಿ ಅಂತಿದ್ದಾರೆ. ಬಟ್ಟೆಯಲ್ಲಿ ಶೇ 5 ಇಲಾಸ್ಟೇನ್ (ಹಿಗ್ಗುವ ಕೃತಕ ನಾರು) ಇರುತ್ತೆ. ನೂಲು ಸಾಲದಿದ್ದರೆ ಶೇ 10ರಷ್ಟು ಮಾಮೂಲಿ ಹತ್ತಿ ಬೆರೆಸಬಹುದಾ ಅಂತಲೂ ಕೇಳಿದ್ದಾರೆ. ಇದರಲ್ಲಿ ಯಾವುದು ನಿಲ್ಲುತ್ತೆ, ಯಾವುದು ನಿಲ್ಲಲ್ಲ?

ಮಳೆಯಾಶ್ರಿತ:
91ರ ಮಾತು ಬಿಟ್ಟುಬಿಡಿ. ಅದು ಟೆಕ್ಸ್‌ಟೈಲ್ ಎಕ್ಸ್‌ಚೇಂಜ್ ಸಂಸ್ಥೆ 2014ರಲ್ಲಿ ಮಾಡಿಸಿದ ಜೀವನಚಕ್ರ ಅಧ್ಯಯನದಿಂದ ಬಂದ ಅಂಕಿ. ಅಲ್ಲಿ ಲೆಕ್ಕ ಹಿಡಿದದ್ದು ‘ನೀಲಿ ನೀರು’, ಅಂದರೆ ಹೊಳೆ, ಕೆರೆ, ಕೊಳವೆಬಾವಿಯಿಂದ ಎತ್ತಿ ಹಾಯಿಸಿದ ನೀರು ಮಾತ್ರ. ಸಾವಯವದ ಮಾದರಿಗಳು ಹೆಚ್ಚಾಗಿ ಮಳೆಯಾಶ್ರಿತ ಹೊಲಗಳವು. ಹೋಲಿಸಿದ ಸಾಮಾನ್ಯ ಹತ್ತಿಯ ಅಂಕಿ ಬೇರೆ ಅಧ್ಯಯನದ್ದು, ಅದರಲ್ಲಿ ನೀರಾವರಿ ಹೊಲಗಳು ಬೇಕಾದಷ್ಟಿವೆ. ಮಳೆ ಸುರಿದದ್ದಕ್ಕೆ ಸರ್ಟಿಫಿಕೇಟಿಗೆ ಶಾಭಾಸ್‌ಗಿರಿ ಕೊಟ್ಟ ಹಾಗಾಯ್ತು. ಇಂಥ ಸರಾಸರಿ ಅಂಕಿಗಳನ್ನು ಒಂದು ನಿರ್ದಿಷ್ಟ ಉಡುಪಿನ ಮೇಲೆ ಅಂಟಿಸುವುದು ದಾರಿ ತಪ್ಪಿಸುತ್ತೆ ಅಂತ ನಾರ್ವೆಯ ಗ್ರಾಹಕ ಪ್ರಾಧಿಕಾರ 2022ರಲ್ಲೇ ಹೇಳಿದೆ. ಹತ್ತಿ ಬಂದ ಹೊಲಗಳ ನೀರಾವರಿ ದಾಖಲೆ ಕೈಯಲ್ಲಿದ್ದರೆ ಅದನ್ನೇ ಬರೆಯಿರಿ. ಇಲ್ಲದಿದ್ದರೆ ‘ಪ್ರಮಾಣೀಕೃತ ಸಾವಯವ ಹತ್ತಿ’ ಅನ್ನೋದಕ್ಕೇ ನಿಲ್ಲಿಸಿ.

ಅರಳೆಮೂಟೆ:
ಸ್ಕೋಪ್ ಸರ್ಟಿಫಿಕೇಟ್ ಹೇಳೋದು ಆ ಗಿರಣಿಗೆ ಸಾವಯವ ನೂಲು ತೆಗೆಯುವ ಅರ್ಹತೆ ಇದೆ ಅಂತ ಅಷ್ಟೇ. ನಿಮಗೆ ಬಂದ ಕೋನುಗಳ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲ್ಲ. ಈ ಲಾಟಿನ ಟ್ರಾನ್ಸಾಕ್ಷನ್ ಸರ್ಟಿಫಿಕೇಟ್ ಕೇಳಿ, ಅದರ ತೂಕ, ಲಾಟ್ ನಂಬರು ಇನ್‌ವಾಯ್ಸಿಗೆ ತಾಳೆ ಆಗಬೇಕು.

ಆಮೇಲೆ ಕಿಲೋ ಲೆಕ್ಕ. ಕೋಂಬಿಂಗ್‌ನಲ್ಲಿ ಗಿಡ್ಡ ಎಳೆ ನಾಯ್ಲ್ ಆಗಿ ಹೋಗುತ್ತೆ, ಅದೊಂದೇ ಶೇ 15–20. ಅರಳೆ ಬಿಡಿಸಿ ಶುಚಿ ಮಾಡೋ ಬ್ಲೋರೂಮು, ಕಾರ್ಡಿಂಗಿನ ಕಸವೂ ಸೇರಿದರೆ ಅರಳೆಯ ಶೇ 72ರ ಆಸುಪಾಸು ನೂಲಾಗುತ್ತೆ. ಹಾಗಾದರೆ 2,000 ಕಿಲೋ ನೂಲಿಗೆ ಸುಮಾರು 2,780 ಕಿಲೋ ಅರಳೆ. ಜಿನ್ನಿಂಗ್‌ನಲ್ಲಿ ಶೇ 35 ಅರಳೆ ಬಂದರೆ ಬೀಜಸಹಿತ ಹತ್ತಿ ಎಂಟು ಟನ್ನಿನ ಹತ್ತಿರ. ‘2,200 ಕಿಲೋ ಅರಳೆಯಲ್ಲಿ ತೆಗೆದೆವು’ ಅಂತ ಕಾಗದ ತೋರಿಸಿದರೆ ಅದು ಕೋಂಬ್ಡ್ ಅಲ್ಲ, ಇಲ್ಲವೇ ಉಳಿದ ಅರಳೆ ಬೇರೆಲ್ಲಿಂದಲೋ ಬಂದಿದೆ.

ಬೆರಕೆ ಆಗೋ ಜಾಗವೂ ಗೊತ್ತಿರೋದೇ. ಹಿಂದಿನ ಲಾಟು ಮುಗಿದ ಮೇಲೆ ಜಿನ್ನು, ಬ್ಲೋರೂಮ್ ಕೊಳವೆ ಖಾಲಿ ಮಾಡದೆ ಓಡಿಸೋದು, ಬೇರೆ ಲಾಟಿನ ಮರುಬಳಕೆ ಕಸ ಮತ್ತೆ ಮಿಕ್ಸಿಂಗಿಗೆ ಹಾಕೋದು. ಸಾವಯವದಲ್ಲಿ ಕುಲಾಂತರಿ ಹತ್ತಿ ಸಲ್ಲದು, ಅದು ಬೆರೆತಿದೆಯಾ ಅನ್ನೋ ಪರೀಕ್ಷೆ (ಐಎಸ್ಒ ಐಡಬ್ಲ್ಯುಎ 32, 2019) ಮಾಡಿಸೋದಾದರೆ ಬೀಜ ಅಥವಾ ಅರಳೆಯಲ್ಲೇ ಮಾಡಿಸಿ. ಸ್ಕೌರಿಂಗ್, ಬ್ಲೀಚಿಂಗ್ ಆದ ಬಟ್ಟೆಯಲ್ಲಿ ಡಿಎನ್‌ಎ ಚೂರುಚೂರಾಗಿರುತ್ತೆ, ಅಲ್ಲಿ ‘ಇಲ್ಲ’ ಅಂತ ಬಂದರೂ ನಂಬೋ ಹಾಗಿಲ್ಲ. ಅರಳೆಯಲ್ಲಿ ‘ಇದೆ’ ಅಂತ ಬಂದರೂ ಎಷ್ಟು ಅಂತ ಈ ಪರೀಕ್ಷೆ ಹೇಳಲ್ಲ.

ಇಲಾಸ್ಟೇನ್ ಶೇ 5ಕ್ಕೆ ತೊಂದರೆ ಇಲ್ಲ, ಶೇ 95 ಸಾವಯವ ಇದ್ದರೆ ಗಾಟ್ಸ್‌ನ ‘ಸಾವಯವ’ ದರ್ಜೆ ಸಿಗುತ್ತೆ. ಶೇ 8 ಮಾಡಿದರೆ ಕೆಳಗಿನ ದರ್ಜೆಗೆ ಇಳಿಯುತ್ತೆ (ಅದಕ್ಕೆ ಕನಿಷ್ಠ ಶೇ 70). ಮಾಮೂಲಿ ಹತ್ತಿ ಬೆರೆಸೋದು ಮಾತ್ರ ಶೇ 1 ಕೂಡ ನಡೆಯಲ್ಲ.

ಹೆಣಿಗೆಮನೆ:
ಟ್ಯಾಗ್ ಬದಲಿಸ್ತೀವಿ. ಬಣ್ಣ ಕಡುನೀಲಿ, ರಿಯಾಕ್ಟಿವ್ (ನಾರಿಗೆ ರಾಸಾಯನಿಕವಾಗಿ ಬೆಸೆಯೋ ಬಗೆ). ಅಲ್ಲಿ ನೋಡಬೇಕಾದ್ದು ಏನಾದರೂ ಇದೆಯಾ?

ಬಣ್ಣದತೊಟ್ಟಿ:
ಹೊಲದಲ್ಲಿ ಉಳಿಸಿದ್ದನ್ನೆಲ್ಲ ಕಳೆಯೋ ಜಾಗವೇ ಅದು. ಕಡು ಬಣ್ಣಕ್ಕೆ ಲೀಟರಿಗೆ 60–80 ಗ್ರಾಂ ಉಪ್ಪು ಹೋಗುತ್ತೆ. 1:8 ಲಿಕ್ಕರಿನಲ್ಲಿ (ಬಟ್ಟೆ–ನೀರಿನ ಅನುಪಾತ) ಕಿಲೋ ಬಟ್ಟೆಗೆ 8 ಲೀಟರ್ ನೀರು, ಅಂದರೆ 480–640 ಗ್ರಾಂ ಉಪ್ಪು. ಅದರಲ್ಲಿ ಒಂದು ಹರಳೂ ಬಟ್ಟೆಯಲ್ಲಿ ಉಳಿಯಲ್ಲ, ಪೂರ್ತಿ ಚರಂಡಿಗೆ. ಗಾಟ್ಸ್‌ನವರು ತ್ಯಾಜ್ಯನೀರಿನ ಸಿಒಡಿಗೆ (ಕೊಳೆ ಉತ್ಕರ್ಷಿಸಲು ಬೇಕಾಗೋ ಆಮ್ಲಜನಕದ ಅಳತೆ) ಮಿತಿ ಇಟ್ಟಿದ್ದಾರೆ ನಿಜ. ಸಿಒಡಿ ಇಳಿಸೋ ಜೈವಿಕ ಘಟಕ ಉಪ್ಪನ್ನು ಮುಟ್ಟಲ್ಲ, ಅದಕ್ಕೆ ಆರ್‌ಒ (ಪೊರೆಯಲ್ಲಿ ಸೋಸಿ ಉಪ್ಪು ಬೇರ್ಪಡಿಸೋದು), ಆವಿಯಾಗಿಸೋ ಘಟಕ ಬೇಕು. ಡೈಯಿಂಗ್ ಘಟಕದಲ್ಲಿ ಅದಿದೆಯಾ ಅಂತ ಮೊದಲು ಕೇಳಿ.

ಬಣ್ಣ ಬದಲಿಸೋಕೆ ಆಗದಿದ್ದರೆ ಲಿಕ್ಕರ್ 1:5ಕ್ಕೆ ಇಳಿಯೋ ಯಂತ್ರ, ಜೊತೆಗೆ ಎರಡು ಕಡೆ ಹಿಡಿಯೋ ಬೈಫಂಕ್ಷನಲ್ ಡೈ ಕೇಳಿ. ಬಟ್ಟೆಗೆ ಹಿಡಿಯದ ಬಣ್ಣ ಕಡಿಮೆಯಾದಷ್ಟೂ ಸೋಪಿಂಗ್ ಸುತ್ತು ಕಡಿಮೆ. ಬ್ಲೀಚ್ ಆದ ಮೇಲೆ ಪದೇಪದೇ ಬಿಸಿನೀರಲ್ಲಿ ತೊಳೆಯೋ ಬದಲು ಉಳಿದ ಪೆರಾಕ್ಸೈಡನ್ನು ಒಡೆಯೋ ಕ್ಯಾಟಲೇಸ್ ಕಿಣ್ವ ಹಾಕಿ, ಪಿಎಚ್ 7ರ ಸುತ್ತ, 50 ಡಿಗ್ರಿ, 10–15 ನಿಮಿಷ. ಪೆರಾಕ್ಸೈಡ್ ಪಟ್ಟಿ ಅದ್ದಿ ನೋಡಿ. ಸ್ವಲ್ಪ ನೀಲಿ ಕಂಡರೂ ಡೈ ಹಾಕಬೇಡಿ, ಉಳಿದ ಪೆರಾಕ್ಸೈಡ್ ಬಣ್ಣವನ್ನೇ ತಿಂದು ಶೇಡ್ ತೇಪೆ ತೇಪೆಯಾಗುತ್ತೆ. ಅದನ್ನು ಸರಿಮಾಡೋಕೆ ಬಣ್ಣ ತೆಗೆದು ಮತ್ತೆ ಡೈ ಮಾಡಿದರೆ ನೀರು, ಉಪ್ಪು, ಹಬೆ ಎಲ್ಲ ಎರಡು ಪಾಲು.

ಮಳೆಯಾಶ್ರಿತ:
ಒಂದು ಮಾತು ಬಿಟ್ಟುಹೋಗಿತ್ತು. ಮುಂದಿನ ಆರ್ಡರಿಗೆ ‘ಪರಿವರ್ತನೆಯಲ್ಲಿರುವ’ ಹತ್ತಿಯನ್ನೂ ವಿಚಾರಿಸಿ. ಪ್ರಮಾಣಪತ್ರಕ್ಕೆ ಮುಂಚಿನ ಎರಡು ಮೂರು ವರ್ಷ ರೈತರಿಗೆ ಕಷ್ಟದ ಕಾಲ. ಹತ್ತು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ 50 ಕಿಲೋ ಆಸುಪಾಸು, ಮೊದಲ ಬೆಳೆಗೆ ದಕ್ಕೋದು ಅದರ ಮೂರನೇ ಒಂದು ಪಾಲು. ಹಾಗಾಗಿ ಇಳುವರಿ ಬೀಳುತ್ತೆ, ಸಾವಯವದ ಬೆಲೆಯೂ ಸಿಗಲ್ಲ. ಬಹಳ ಜನ ಹಿಂದಕ್ಕೆ ಹೋಗೋದು ಆಗಲೇ. ಇಂಥ ಹತ್ತಿಗೂ ಗಾಟ್ಸ್‌ನಲ್ಲಿ ಪ್ರತ್ಯೇಕ ಲೇಬಲ್ ಇದೆ, ಟ್ಯಾಗಿನಲ್ಲಿ ಹಾಗೆಂದೇ ಬರೆಯಬೇಕು.