ಮಾಲ್ಡೀವ್ಸ್: ಶುಕ್ರವಾರ ಸಂಜೆ 4.10ಕ್ಕೆ ಇಳಿದರೆ ಅವತ್ತೇ ರೆಸಾರ್ಟ್ ಮುಟ್ಟಬಹುದಾ?

ಅಲೆಮಾರಿ:
ಒಟ್ಟು ಆರು ರಾತ್ರಿ. ಮೂರು ಬಾ ಅಟಾಲ್‌ನ (ಹವಳದ ದ್ವೀಪಗಳ ಗುಂಪು) ರೆಸಾರ್ಟ್‌ನಲ್ಲಿ, ಮೂರು ಮಾಫುಶಿ ದ್ವೀಪದ ಗೆಸ್ಟ್‌ಹೌಸ್‌ನಲ್ಲಿ. ಯಾವುದು ಮೊದಲು? ವೀಸಾ ಮುಂಚೆ ಮಾಡಿಸಬೇಕಾ? ಜೊತೆಗೆ ಅಪ್ಪ ಅಮ್ಮ ಇದ್ದಾರೆ, ಲಗೇಜೂ ಜಾಸ್ತಿ.

ಕಡಲಹಕ್ಕಿ:
ಮೊದಲು ಮಾಫುಶಿ, ಎರಡು ಮಾತಿಲ್ಲ. ಬಾ ಅಟಾಲ್‌ಗೆ ಒಯ್ಯೋ ಸೀಪ್ಲೇನ್ ಹಾರೋದು ಹಗಲಲ್ಲಿ ಮಾತ್ರ. ಇಳಿಯೋದು ನೀರಿನ ಮೇಲೆ, ಅಲ್ಲಿ ರನ್‌ವೇ ದೀಪ ಎಲ್ಲಿಂದ ಬರಬೇಕು? ಸಾಮಾನ್ಯವಾಗಿ ಮಧ್ಯಾಹ್ನ 3.30ರೊಳಗೆ ಇಳಿದವರಿಗಷ್ಟೇ ಅವತ್ತಿನ ಸೀಟು. ತಪ್ಪಿದರೆ ಏರ್‌ಪೋರ್ಟ್ ಪಕ್ಕದ ಹುಲುಮಾಲೆಯಲ್ಲೋ ರಾಜಧಾನಿ ಮಾಲೆಯಲ್ಲೋ ರೂಮು ಹಿಡಿಯಬೇಕು, ರೆಸಾರ್ಟಿನ ಒಂದು ರಾತ್ರಿಯ ದುಡ್ಡೂ ನೀರುಪಾಲು.

ವಾಪಸ್ ಬರುವಾಗಲೂ ಇದೇ ಕಥೆ. ಸೀಪ್ಲೇನ್ ಹೊರಡೋ ಹೊತ್ತು ಹಿಂದಿನ ದಿನ ಸಂಜೆ ತಿಳಿಯುತ್ತೆ. ನಿಮ್ಮ ವಾಪಸ್ ವಿಮಾನ ಬೆಳಗಿನ ಜಾವದ್ದಾದರೆ ಕೊನೇ ರಾತ್ರಿಯನ್ನ ಏರ್‌ಪೋರ್ಟ್ ಹತ್ತಿರಕ್ಕೇ ಇಟ್ಟುಕೊಳ್ಳಿ. ಬಾ ಅಟಾಲ್‌ಗೆ ಇನ್ನೊಂದು ದಾರಿಯೂ ಇದೆ: ಅದೇ ಅಟಾಲ್‌ನ ಧರವಂದೂ ದ್ವೀಪದವರೆಗೆ ದೇಶೀಯ ವಿಮಾನ, ಅಲ್ಲಿಂದ ಸ್ಪೀಡ್‌ಬೋಟ್. ಇದಕ್ಕೆ ಕತ್ತಲಾದರೂ ತೊಂದರೆಯಿಲ್ಲ. ರೆಸಾರ್ಟ್‌ನವರನ್ನ ಕೇಳಿ, ಟ್ರಾನ್ಸ್‌ಫರ್ ಬುಕ್ ಮಾಡೋದು ಹೆಚ್ಚಾಗಿ ಅವರೇ.

ದೋಣಿಗಾರ:
ಶುಕ್ರವಾರ ಅಂದಿರಿ. ಅವತ್ತು ಅಲ್ಲಿ ವಾರದ ರಜೆ, ಮಾಫುಶಿಯ ಅಗ್ಗದ ಸರ್ಕಾರಿ ಫೆರಿಯನ್ನ ನೆಚ್ಚಿಕೊಳ್ಳಬೇಡಿ. ಬೇರೆ ದಿನವೂ ಅದು ಹೊರಡೋದು ಮಾಲೆಯ ಜೆಟ್ಟಿಯಿಂದ, ಏರ್‌ಪೋರ್ಟ್‌ನಿಂದ ಅಲ್ಲ. ಒಂದೂವರೆ ಗಂಟೆ ಹಿಡಿಯುತ್ತೆ. ಸ್ಪೀಡ್‌ಬೋಟ್ ಏರ್‌ಪೋರ್ಟ್ ಜೆಟ್ಟಿಗೇ ಬರುತ್ತೆ, ಅರ್ಧದಿಂದ ಮುಕ್ಕಾಲು ಗಂಟೆ. ಗೆಸ್ಟ್‌ಹೌಸ್‌ಗೆ ಫ್ಲೈಟ್ ನಂಬರ್ ಕಳಿಸಿ ಸೀಟು ಹಿಡಿಸಿ. ಹಿರಿಯರನ್ನ ಹಿಂದಿನ ಸೀಟಲ್ಲಿ ಕೂರಿಸಿ. ಬೋಟಿನ ಮೂತಿ ಅಲೆಗೆ ಎದ್ದು ಬಿದ್ದಾಗ ಮುಂದೆ ಕೂತವರ ಸೊಂಟ ಹೋಗುತ್ತೆ, ಮೇ–ಅಕ್ಟೋಬರ್ ಗಾಳಿಯಲ್ಲಂತೂ ಕೇಳಲೇಬೇಡಿ.

ಪಾಸ್‌ಪೋರ್ಟ್‌ಪುಟ:
ವೀಸಾ ಇಳಿದ ಮೇಲೆ ಪುಕ್ಕಟೆ. ವಾಪಸ್ ಟಿಕೆಟ್, ಎಲ್ಲಾ ರಾತ್ರಿಗಳ ಬುಕಿಂಗ್ ಕೈಲಿರಲಿ. ಮೂರು ರಾತ್ರಿಯದಷ್ಟೇ ತೋರಿಸಿದರೆ ಉಳಿದದ್ದು ಎಲ್ಲಿ ಅಂತ ಕೇಳ್ತಾರೆ. ಜನ ಮರೆಯೋದು ಇಮುಗ ಫಾರಂ, ಅಂದರೆ ಪ್ರಯಾಣಿಕರು ತುಂಬೋ ಸರ್ಕಾರಿ ಘೋಷಣೆ. ಪ್ರಯಾಣಕ್ಕೆ ಮುಂಚಿನ 96 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತುಂಬಿ, ಒಬ್ಬೊಬ್ಬರಿಗೂ ಬೇರೆ ಬೇರೆ. ದುಡ್ಡು ಕೇಳಿದರೆ ಅದು ಸರ್ಕಾರಿ ಸೈಟಲ್ಲ, ಮುಚ್ಚಿಬಿಡಿ.

ಕಡಲಹಕ್ಕಿ:
ಲಗೇಜ್ ಬಿಟ್ಟುಹೋಗಿತ್ತು. ಸೀಪ್ಲೇನ್‌ನಲ್ಲಿ ಸಾಮಾನ್ಯವಾಗಿ ತಲೆಗೆ 20 ಕೆ.ಜಿ., ಕೈಚೀಲಕ್ಕೆ 5. ಹೆಚ್ಚಾದರೆ ಕೆ.ಜಿ. ಲೆಕ್ಕದಲ್ಲಿ ಕಕ್ಕಬೇಕು.

ಅಲೆಮಾರಿ:
ಅಮ್ಮ ಪೂಜೆಗೆ ಪುಟ್ಟ ಗಣಪತಿ ವಿಗ್ರಹ ಇಟ್ಕೋತಾರಂತೆ, ನಡೆಯುತ್ತಾ?

ಪಾಸ್‌ಪೋರ್ಟ್‌ಪುಟ:
ಬೇಡ. ಪೂಜೆಯ ವಿಗ್ರಹ, ಮದ್ಯ, ಹಂದಿಮಾಂಸ ಮೂರೂ ನಿಷಿದ್ಧ. ಬ್ಯಾಗೆಲ್ಲ ಎಕ್ಸ್‌ರೇ ಆಗುತ್ತೆ. ಡ್ಯೂಟಿ ಫ್ರೀ ಬಾಟಲಿಯನ್ನೂ ಕಸ್ಟಮ್ಸ್‌ನವರು ಇಟ್ಟುಕೊಂಡು ರಸೀದಿ ಕೊಡ್ತಾರೆ, ಹೊರಡುವಾಗ ಅದನ್ನ ತೋರಿಸಿ ಬಿಡಿಸಿಕೊಳ್ಳಬೇಕು. 2024ರ ನವೆಂಬರ್‌ನಿಂದ ವೇಪ್ (ಇ-ಸಿಗರೇಟ್) ಕೂಡ ಒಳಗೆ ಬರೋ ಹಾಗಿಲ್ಲ.

ಇನ್ನು ಪ್ರವಾಸಿಗರು ಕಟ್ಟೋ ಗ್ರೀನ್ ಟ್ಯಾಕ್ಸ್: 2025ರಿಂದ ದಿನಕ್ಕೆ ತಲೆಗೆ ರೆಸಾರ್ಟ್‌ನಲ್ಲಿ 12 ಡಾಲರ್, 50 ರೂಮಿನೊಳಗಿನ ಗೆಸ್ಟ್‌ಹೌಸ್‌ನಲ್ಲಿ 6. ಬುಕಿಂಗ್ ದರದಲ್ಲಿ ಸೇರಿದೆಯಾ ಅಂತ ಈಗಲೇ ಕೇಳಿಬಿಡಿ.